ಕೊಳದ ಗೋಡೆ ಹತ್ತುವ ಯಂತ್ರ

ಊರಿಗಾಂ ಬಳಿಯ ಒಂದು ಖಾಸಗಿ ವಸತಿ ಶಾಲೆಯಲ್ಲಿ ಈಜುಕೊಳದ ಮೇಲ್ವಿಚಾರಣೆಗೆ ನನ್ನನ್ನು ತೆಗೆದುಕೊಂಡಾಗ ಮ್ಯಾನೇಜರು ಒಂದು ಮಾತು ಹೇಳಿದ್ದರು: ದಸರಾ ರಜೆ ಮುಗಿದ ಮೇಲೆ ಬಂದು ನೋಡುತ್ತೇನೆ, ಕೆಲಸ ಸರಿಯಿದ್ದರೆ ಕಾಯಂ, ಇಲ್ಲದಿದ್ದರೆ ಇಲ್ಲ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಬಂಗಾರಪೇಟೆಯ ಪಕ್ಕದ ಹಳ್ಳಿಯಲ್ಲಿ ಹಸು ಸಾಕಿ, ಡೇರಿಗೆ ಹಾಲು ಹಾಕಿ ಅಮ್ಮ ನನ್ನನ್ನು ಭೌತಶಾಸ್ತ್ರ ಓದಿಸಿದ್ದಳು. ಹಾಗಾಗಿ ಆ ಕೊನೆಯ 'ಇಲ್ಲ' ಪ್ರತಿದಿನ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕುಳಿತು ಪ್ರಯಾಣ ಮಾಡುತ್ತಿತ್ತು.

ನನಗೆ ಒಪ್ಪಿಸಿದ್ದು ಕೊಳವನ್ನು ಎನ್ನುವುದಕ್ಕಿಂತ, ಕೊಳವನ್ನು ತೊಳೆಯುವ ಹೊಸ ರೋಬೋಟನ್ನು ಎನ್ನುವುದೇ ಹೆಚ್ಚು ಸರಿಯಾದೀತು. ಮಗುಚಿಟ್ಟ ಮಂಕರಿ ಬುಟ್ಟಿಯಷ್ಟು ದೊಡ್ಡದು. ಎರಡು ಪಕ್ಕಕ್ಕೂ ರಬ್ಬರಿನ ಪಟ್ಟಿಗಳು, ಮುಂದುಗಡೆ ಉರುಳುವ ಬ್ರಷ್ಷು, ಹಿಂದೆ ನೀರಿನ ಮೇಲೆ ತೇಲುವ ನೀಲಿ ವೈರು. ಅದಕ್ಕೂ ಮೊದಲು ಉದ್ದ ಕೋಲಿನ ಬ್ರಷ್ಷಿನಿಂದ ಆ ಕೊಳವನ್ನು ಉಜ್ಜುತ್ತಿದ್ದವರು ಆಂಡರ್ಸನ್‌ಪೇಟೆಯ ಒಬ್ಬ ಅಕ್ಕ. ಉಜ್ಜಿ ಉಜ್ಜಿ ಅವರ ಭುಜಕ್ಕೆ ನೋವು ಹಿಡಿದಿತ್ತು. ಯಂತ್ರ ಬಂದದ್ದಕ್ಕೆ ಅವರಿಗೆ ಸಂತೋಷವೇ. ನಂಬಿಕೆ ಮಾತ್ರ ಇರಲಿಲ್ಲ.

ಮೊದಲ ದಿನ ಯಂತ್ರವನ್ನು ನೀರಿಗೆ ಬಿಟ್ಟರೆ ಅದು ಮುಳುಗಲೇ ಇಲ್ಲ.

"ಡಿಗ್ರಿ ಅಮ್ಮಣ್ಣಿ, ಎಮ್ಮೆ ತತ್ತಾರೆ ಅಂದ್ರು, ಇದು ಬಾತುಕೋಳಿ ಕಣಮ್ಮಾ!" ಎಂದು ಅಕ್ಕ ಸೊಂಟದ ಮೇಲೆ ಕೈಯಿಟ್ಟು ನಕ್ಕರು.

ಒಳಗೆ ಸಿಕ್ಕಿಕೊಂಡ ಗಾಳಿ ಅದನ್ನು ಎತ್ತಿ ಹಿಡಿದಿದೆ ಎಂಬುದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಮೆಟ್ಟಿಲ ಮೇಲೆ ಕುಳಿತು, ಯಂತ್ರವನ್ನು ನೀರಿನೊಳಗೆ ಅದುಮಿ, ಅತ್ತಿತ್ತ ಓರೆ ಮಾಡಿದೆ. ಗುಳುಗುಳು ಎಂದು ಗುಳ್ಳೆಗಳು ಹೊರಬಂದವು. ಗುಳ್ಳೆ ನಿಂತ ಮೇಲೆ ಕೈಬಿಟ್ಟರೆ, ಅದು ಯಾವ ಅವಸರವೂ ಇಲ್ಲದೆ ತಳಕ್ಕಿಳಿದು ಕುಳಿತಿತು.

ಆಮೇಲಿನ ದಿನಗಳಲ್ಲಿ ಅದರ ನಡಿಗೆಯನ್ನು ನೋಡುತ್ತ ನಿಲ್ಲುವುದು ನನಗೆ ಅಭ್ಯಾಸವಾಯಿತು. ನೀರಿನಲ್ಲಿ ಅದಕ್ಕೆ ಹೆಚ್ಚು ತೂಕವಿರುವುದಿಲ್ಲ. ಹೊಟ್ಟೆಯ ಕೆಳಗಿನಿಂದ ನೀರನ್ನು ಹೀರಿ, ಕಸವನ್ನು ಒಳಗಿನ ಜಾಲರಿಯಲ್ಲಿ ಉಳಿಸಿಕೊಂಡು, ಬೆನ್ನಿನಿಂದ ಜೋರಾಗಿ ಹೊರಕ್ಕೆ ಚಿಮ್ಮುತ್ತದೆ. ಹೊರಚಿಮ್ಮಿದ ನೀರು ಅದನ್ನು ತಳಕ್ಕೆ ಒತ್ತಿ ಹಿಡಿಯುತ್ತದೆ. ಆ ಒತ್ತಡವಿದ್ದಾಗ ಮಾತ್ರ ರಬ್ಬರಿನ ಪಟ್ಟಿಗಳಿಗೆ ಹಿಡಿತ. ಎರಡೂ ಪಟ್ಟಿಗಳು ಸಮನಾಗಿ ಸುತ್ತಿದರೆ ನೇರ ಹೋಗುತ್ತದೆ, ಒಂದು ನಿಂತು ಇನ್ನೊಂದು ಸುತ್ತಿದರೆ ನಿಂತ ಕಡೆಗೆ ತಿರುಗುತ್ತದೆ. ಗೋಡೆ ಎದುರಾದರೆ ಮೂಗೆತ್ತಿ, ಅದೇ ಒತ್ತಡದ ಬಲದಿಂದ ಗೋಡೆಗೆ ಅಂಟಿಕೊಂಡು ಮೇಲೇರಿ, ನೀರಿನ ಅಂಚಿಗೆ ಮುಖ ಹೊರಹಾಕಿ ಒಮ್ಮೆ ಬುಸುಗುಟ್ಟಿ, ಹಿಂದಕ್ಕೆ ಜಾರುತ್ತದೆ. ಆ ಬುಸುಗುಟ್ಟುವ ಸದ್ದು ಕೇಳಿದರೆ ನನ್ನ ಮನಸ್ಸು ಹಗುರವಾಗುತ್ತಿತ್ತು.

ಆಯುಧಪೂಜೆಯ ದಿನ ಶಾಲೆಯ ಬಸ್ಸು, ಜನರೇಟರು, ಹುಲ್ಲು ಕತ್ತರಿಸುವ ಮಿಷನ್ನು ಎಲ್ಲಕ್ಕೂ ಪೂಜೆಯಾಯಿತು. ಅಕ್ಕ ನಮ್ಮ ರೋಬೋಟನ್ನು ಬಿಡುವರೇ? ಅದಕ್ಕೂ ವಿಭೂತಿಯ ಮೂರು ಗೆರೆ ಎಳೆದು ಕುಂಕುಮವಿಟ್ಟರು. ಮನೆಯಲ್ಲೇ ಬಾಳೆನಾರಿನಲ್ಲಿ ಕಟ್ಟಿ ತಂದ ಕನಕಾಂಬರದ ಹಾರವನ್ನು ಬ್ರಷ್ಷಿನ ಮೇಲಿನಿಂದ ಸುತ್ತಿದರು. ಬೂದುಗುಂಬಳ ಒಡೆದು, "ನೀರಾಗೆ ಓಡಾಡೋದು, ದೃಷ್ಟಿ ಬೇಗ ತಾಕ್ತದೆ" ಎಂದರು. ರಜೆ ಮುಗಿದು ಯಂತ್ರವಿಟ್ಟಿದ್ದ ಕೊಠಡಿ ತೆರೆದಾಗ ಹೂವೆಲ್ಲ ಒಣಗಿ ಉದುರಿತ್ತು. ಉಳಿದದ್ದನ್ನು ಅಕ್ಕ ಕೈಯಿಂದ ಎಳೆದು ತೆಗೆದರು, ನಾನು ವಿಭೂತಿ ಒರೆಸಿದೆ. ಅಷ್ಟರಲ್ಲೇ ಮ್ಯಾನೇಜರು ಬಂದರು.

"ಬಿಡಮ್ಮ ನೋಡೋಣ," ಎಂದರು.

ಗುಳ್ಳೆ ಬಿಡಿಸಿ, ತಳಕ್ಕಿಳಿಸಿ, ಸ್ವಿಚ್ಚು ಒತ್ತಿದೆ. ಯಂತ್ರ ಮುಂದೆ ಹೋಗಲಿಲ್ಲ. ಗಾಣದ ಎತ್ತಿನಂತೆ ಎಡಕ್ಕೆ ಸುತ್ತತೊಡಗಿತು. ಒಂದು ಸುತ್ತು, ಮತ್ತೊಂದು ಸುತ್ತು. ನೀಲಿ ವೈರು ನೀರಿನ ಮೇಲೆ ಸುರುಳಿಯಾಯಿತು.

"ಇದಕ್ಕೇನು ತಲೆ ತಿರುಗ್ತಾ ಇದೆಯಾ?" ಮ್ಯಾನೇಜರು ಕೇಳಿದರು. "ಆಗದಿದ್ರೆ ಹೇಳಿಬಿಡಮ್ಮ. ಕಂಪನಿಗೆ ವಾಪಸ್ ಕಳಿಸಿ, ಹಳೆ ಬ್ರಷ್ಷೇ ಹಿಡಿಸೋಣ."

ಅಕ್ಕನ ಕೈ ತಾನಾಗಿಯೇ ತಮ್ಮ ಭುಜಕ್ಕೆ ಹೋದದ್ದು ಕಂಡಿತು. ನನ್ನ ಕಣ್ಣು ಯಂತ್ರದ ಮೇಲೆಯೇ ಇತ್ತು. ಹೀರುವ ಸದ್ದು ಎಂದಿನಂತೆಯೇ ಇದೆ, ಬೆನ್ನಿನ ಮೇಲೆ ನೀರು ಉಬ್ಬುತ್ತಿದೆ. ಪಂಪು ಸರಿಯಿದೆ. ಬಲಗಡೆಯ ಪಟ್ಟಿ ಸುತ್ತುತ್ತಿದೆ. ಎಡಗಡೆಯದನ್ನು ಏನೋ ಹಿಡಿದುಕೊಂಡಿದೆ.

"ಸರ್, ಯಂತ್ರದ ಎಡಭಾಗದ ಚಲನೆಗೆ ಅಡಚಣೆ ಉಂಟಾಗಿದೆ ಎಂದು ನನ್ನ ಅಭಿಪ್ರಾಯ," ಎಂದೆ. ಗಾಬರಿಯಾದಾಗಲೆಲ್ಲ ನನ್ನ ಬಾಯಲ್ಲಿ ಪಠ್ಯಪುಸ್ತಕದ ಕನ್ನಡವೇ ಬರುತ್ತದೆ.

ಯಂತ್ರವನ್ನು ಮೇಲೆತ್ತಿ, ಮಗುಚಿ, ಎಡಗಡೆಯ ಪಟ್ಟಿಯೊಳಗಿನ ಗಾಲಿಯ ಸಂದಿಗೆ ಬೆರಳು ಹಾಕಿದೆ. ಒದ್ದೆಯಾಗಿ ಬಿಗಿದ ಬಾಳೆನಾರು ಸಿಕ್ಕಿತು. ಎಳೆದಷ್ಟೂ ಬಂತು, ತುದಿಯಲ್ಲಿ ಒಂದು ಕನಕಾಂಬರವೂ ಇತ್ತು.

"ಐಯೋ, ಸಾಮಿ ಊವು!" ಅಕ್ಕ ಕೆನ್ನೆ ಕೆನ್ನೆ ಬಡಿದುಕೊಂಡರು. "ದೃಷ್ಟಿ ಆಗ್ಬಾರ್ದು ಅಂತ ನಾನೇ ಕಟ್ಟಿ, ನಾನೇ ಕಾಲು ಕಟ್ಟಾಕ್ಬುಟ್ನಲ್ಲಾ!"

ಮ್ಯಾನೇಜರು ನಗು ತಡೆದುಕೊಳ್ಳಲು ಕೊಳದ ಆಚೆ ನೋಡಿದರು.

ಮತ್ತೆ ನೀರಿಗೆ ಬಿಟ್ಟೆವು. ಈ ಸಲ ನೇರವಾಗಿ ತಳದುದ್ದಕ್ಕೂ ಹೋಗಿ, ಎದುರು ಗೋಡೆಯ ಬುಡದಲ್ಲಿ ಒಂದು ಗಳಿಗೆ ನಿಂತಿತು. ಮೂಗೆತ್ತಿತು. ಹತ್ತಿತು. ಅಂಚಿಗೆ ಬಂದು ಬುಸುಗುಟ್ಟಿ, ಮ್ಯಾನೇಜರ ಬೂಟಿಗೆ ಒಂದಿಷ್ಟು ನೀರನ್ನೂ ಎರಚಿತು.

"ಸರಿ," ಎಂದರು ಅವರು ಕಾಲು ಕೊಡವುತ್ತ. "ಏನಾಗಿದೆ ಅಂತ ನೋಡೇ ಹೇಳಿದೆಯಲ್ಲ, ಅಷ್ಟು ಸಾಕು. ಮುಂದಿನ ತಿಂಗಳಿಂದ ನೀನು ಕಾಯಂ."

ಅಕ್ಕ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟರು. ನೋಯುವ ಭುಜದ ಕೈಯಿಂದಲೇ ಕೊಟ್ಟರು.

ಸಂಜೆ ಅಮ್ಮನಿಗೆ ಫೋನು ಮಾಡಿದೆ. ಡೇರಿಯ ಸಾಲಿನಲ್ಲಿದ್ದಳು, ಹಿಂದೆ ಕ್ಯಾನುಗಳ ಸದ್ದು ಕೇಳುತ್ತಿತ್ತು.

"ಕೆಲ್ಸ ಕಾಯಂ ಆಯ್ತಮ್ಮಾ."

"ಆಯ್ತಾ! ದಿನಾ ನೀರಾಗೆ ಇಳೀತೀಯಲ್ಲ, ತಲೆ ಚೆನ್ನಾಗಿ ಒರುಸ್ಕೊಳೇ."

"ನಾನ್ ಇಳಿಯಲ್ಲಮ್ಮಾ, ಮಿಷನ್ನು ಇಳೀತದೆ."

"ಅಂಗಾದ್ರೆ ನೀನೇನ್ ಮಾಡ್ತೀಯ?"

"ಅದೆಂಗ್ ಓಡಾಡ್ತದೆ ಅಂತ ನೋಡ್ಕೊಂಡ್ ನಿಂತಿರ್ತೀನಿ."

ಅಮ್ಮ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ, "ನಮ್ ಉಡ್ಗೀದು ಕಾಯಂ ಆಯ್ತಂತೆ ಕಣ್ರೇ, ಬರೀ ನೋಡೋ ಕೆಲ್ಸ!" ಎಂದಳು.