ಕುಂಕುಮ ಹಚ್ಚಿದ ಬೂಟು

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ನನಗಿಂತ ಅಪ್ಪನ ಬೂಟುಗಳಿಗೆ ಮರ್ಯಾದೆ ಹೆಚ್ಚಿತ್ತು. ನಾನು ಬಾಗಿಲಲ್ಲಿ ಕಾಲು ಚಾಚಿ ಕೂತರೆ ಬೈಗುಳ ಬೀಳುತ್ತಿತ್ತು, ಬೂಟುಗಳು ಮಾತ್ರ ಅದೇ ಬಾಗಿಲಲ್ಲಿ ಠೀವಿಯಿಂದ ಕೂತಿರುತ್ತಿದ್ದವು. ಅವ್ವ ಆಗಾಗ ಅವುಗಳಿಗೆ ಎಣ್ಣೆ ಒರೆಸಿ ನೆರಳಲ್ಲಿ ಒಣಗಲು ಇಡುತ್ತಿದ್ದಳು. ಕಪ್ಪು ಚರ್ಮದ ಭಾರವಾದ ಬೂಟು, ಮೂತಿಯ ಒಳಗೆ ಕಬ್ಬಿಣದ ತಗಡು. ಅಪ್ಪ ಅದನ್ನು ತೊಟ್ಟು ನಿಂತಾಗ ಲಟ್ಟಣಿಗೆಯಿಂದ ಮೂತಿಯ ಮೇಲೆ ಹೊಡೆಯಲು ನನಗೂ ಅಕ್ಕನಿಗೂ ಅನುಮತಿ ಇತ್ತು. ಎಷ್ಟು ಜೋರಾಗಿ ಹೊಡೆದರೂ ಅಪ್ಪ ನಗುತ್ತಲೇ ಇರುತ್ತಿದ್ದ.

ಖಂಡೆ ನವಮಿ ಬಂದಾಗಲೆಲ್ಲ ನಮ್ಮ ಈ ನಾಸಿಕದ ಮನೆಯಲ್ಲಿ ಲ್ಯಾಪ್‌ಟಾಪು, ಸ್ಕೂಟರಿನ ಕೀಲಿಯ ಪಕ್ಕ ಒಂದು ಜೋಡಿ ಬಿರುಕು ಬಿಟ್ಟ ಬೂಟನ್ನು ಪೂಜೆಗೆ ಇಡುತ್ತೇನೆ. ಅದನ್ನು ನೋಡಿ ಮೊಮ್ಮಕ್ಕಳಾದ ನೀವು ಮರಾಠಿಯಲ್ಲಿ ಏನೇನೋ ಹೇಳಿಕೊಂಡು ನಗುತ್ತೀರಿ. ಆ ನಗುವನ್ನು ಸ್ವಲ್ಪ ಪಕ್ಕಕ್ಕಿಟ್ಟು ಇವತ್ತು ಇದನ್ನು ಕೇಳಿ. ನೆನೆಸಿಕೊಂಡರೆ ನನಗೆ ಈಗಲೂ ಸಿಟ್ಟು ನೆತ್ತಿಗೇರುತ್ತದೆ, ಆದ್ದರಿಂದ ನನ್ನ ದನಿ ಜೋರಾದರೆ ಹೆದರಬೇಡಿ.

ನಾವು ಬೀದರ್ ಜಿಲ್ಲೆಯ ಕಡೆಯವರು, ದುಡಿಯಲು ಮಹಾರಾಷ್ಟ್ರಕ್ಕೆ ಬಂದವರು. ನೀವು ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ಔರಂಗಾಬಾದ್ ಎಂದು ಹೆಸರಿತ್ತು. ಅಲ್ಲಿನ ಚಿಕಲಠಾಣಾದ ಒಂದು ಕಾರ್ಖಾನೆಯಲ್ಲಿ ಅಪ್ಪನಿಗೆ ಯಂತ್ರ ಸರಿಸುವ ಕೆಲಸ. ಆನೆಯಷ್ಟು ದೊಡ್ಡ ಯಂತ್ರಗಳನ್ನು ಒಂದು ಶೆಡ್ಡಿನಿಂದ ಇನ್ನೊಂದು ಶೆಡ್ಡಿಗೆ ಒಯ್ಯಬೇಕಿತ್ತು. ಆ ಕಾರ್ಖಾನೆಯಲ್ಲಿ ಕ್ರೇನ್ ಇರಲಿಲ್ಲ, ಮನುಷ್ಯರಿದ್ದರು. ಹೇಗೆ ಸರಿಸುತ್ತೀರಿ ಎಂದು ಕೇಳಿದಾಗ ಅಪ್ಪ ಮನೆಯಲ್ಲೇ ಆಡಿ ತೋರಿಸಿದ್ದ. ಅಕ್ಕನ ತಗಡಿನ ಟ್ರಂಕನ್ನು ಸೌಟಿನಿಂದ ಮೀಟಿ ಎತ್ತಿ ಅದರ ಅಡಿಗೆ ಪೆನ್ಸಿಲ್‌ಗಳನ್ನು ಸಾಲಾಗಿ ಇಟ್ಟ. ಹಿಂದಿನಿಂದ ನೂಕಿದರೆ ಟ್ರಂಕು ಗಡಗಡ ಎನ್ನುತ್ತ ಮುಂದೆ ಉರುಳುತ್ತಿತ್ತು. ಹಿಂದೆ ಉಳಿದ ಪೆನ್ಸಿಲನ್ನು ತೆಗೆದು ಮತ್ತೆ ಮುಂದೆ ಇಡಬೇಕು.

ಕಾರ್ಖಾನೆಯಲ್ಲಿ ಸೌಟಿನ ಬದಲು ಜಾಕು ಮತ್ತು ಹಾರೆ, ಪೆನ್ಸಿಲಿನ ಬದಲು ಕಬ್ಬಿಣದ ಪೈಪು. ಹಿಂದಿನ ಪೈಪನ್ನು ಹೊತ್ತು ತಂದು ಯಂತ್ರದ ಮುಂದೆ ಇಡುವವನೇ ಅಪ್ಪ. “ನೆಲಾ ಒಣಗಿರಬೇಕು, ಕಾಲಾಗ ಬೂಟಿರಬೇಕು. ಉಳಿದದ್ದು ಹೆಂಗೋ ಆಗ್ತದ,” ಎನ್ನುತ್ತಿದ್ದ. ಆ ಕೆಲಸದಲ್ಲಿ ಇದೇನೂ ದೊಡ್ಡ ಗುಟ್ಟಲ್ಲ. ಅವನ ಜೊತೆಯವರಿಗೆಲ್ಲ ಗೊತ್ತಿದ್ದ ಮಾತೇ ಅದು.

ದಸರೆಯ ಹಿಂದಿನ ದಿನ ಖಂಡೆ ನವಮಿ. ಕುಡುಗೋಲಿನಿಂದ ಹಿಡಿದು ಕಾರ್ಖಾನೆಯ ಯಂತ್ರದವರೆಗೆ ದುಡಿಯುವ ಸಾಮಾನಿಗೆಲ್ಲ ಅಂದು ಪೂಜೆ. ಆ ವರ್ಷ ಕೆಲಸಗಾರರ ಮನೆಮಂದಿಯನ್ನೂ ಕಾರ್ಖಾನೆಗೆ ಕರೆದಿದ್ದರು. ಅವ್ವ ಇಳಕಲ್ ಸೀರೆ ಉಟ್ಟಳು. ಅಕ್ಕ ಎರಡು ಜಡೆಗೂ ಕೆಂಪು ರಿಬ್ಬನ್ ಕಟ್ಟಿಕೊಂಡಳು. ಶೆಡ್ಡಿನೊಳಗೆ ಕಾಲಿಟ್ಟರೆ ಮಷೀನ್ ಎಣ್ಣೆಯ ಘಾಟು, ಚೆಂಡುಹೂವಿನ ವಾಸನೆ, ಊದಿನಕಡ್ಡಿಯ ಹೊಗೆ ಎಲ್ಲ ಕಲಸಿಕೊಂಡು ಮೂಗಿಗೆ ಬಡಿಯಿತು. ದಿನವೂ ಗುಡುಗುವ ಯಂತ್ರಗಳು ಕೊರಳಿಗೆ ಹಾರ ಹಾಕಿಸಿಕೊಂಡು ಮದುಮಕ್ಕಳ ಹಾಗೆ ಸುಮ್ಮನೆ ನಿಂತಿದ್ದವು. ಎಲ್ಲಕ್ಕಿಂತ ದೊಡ್ಡದು ತಗಡನ್ನು ಒತ್ತಿ ಡಬ್ಬಿ ಮಾಡುವ ಪ್ರೆಸ್ಸು. ಅದರ ಮುಂದೆ ಮಂಚದಗಲದ ರಂಗೋಲಿ ಹಾಕಿ, ಅಲ್ಲೇ ತೆಂಗಿನಕಾಯಿಗಳನ್ನು ಒಡೆದಿದ್ದರು. ಎಲ್ಲರ ಕಾಲ್ಮರಿಗಳೂ ಬಾಗಿಲ ಹೊರಗೆ ರಾಶಿ ಬಿದ್ದಿದ್ದವು. ಅಪ್ಪನ ಬೂಟುಗಳೂ ಅಲ್ಲೇ ಇದ್ದವು.

ಕಾರ್ಖಾನೆಯ ಮಾಲೀಕರನ್ನು ಎಲ್ಲರೂ ಸೇಠ್‌ಜೀ ಎಂದು ಕರೆಯುತ್ತಿದ್ದರು. ಆರತಿ ಮುಗಿದು ಪೇಡೆ ಹಂಚುತ್ತಿರುವಾಗ ಅವರಿಗೆ ಇದ್ದಕ್ಕಿದ್ದಂತೆ ಉತ್ಸಾಹ ಬಂತು. ಹಬ್ಬ ಕಳೆದ ಮೇಲೆ ಹೊಸ ಶೆಡ್ಡಿಗೆ ಒಯ್ಯಬೇಕೆಂದಿದ್ದ ಪ್ರೆಸ್ಸನ್ನು ಈಗಲೇ ಒಯ್ಯೋಣ, ಮುಹೂರ್ತ ಚೆನ್ನಾಗಿದೆ, ಮನೆಮಂದಿಯೂ ನೋಡಲಿ ಎಂದರು. ಅಪ್ಪ ಬೂಟು ಹಾಕಿಕೊಂಡು ಬರಲು ಬಾಗಿಲ ಕಡೆ ಹೊರಟ. ಸೇಠ್‌ಜೀ ತಡೆದರು. ಪೂಜೆಯಾದ ಯಂತ್ರ, ಇವತ್ತು ಇದರಲ್ಲಿ ದೇವಿ ಕೂತಿದ್ದಾಳೆ, ಬೂಟುಗಾಲಲ್ಲಿ ಹತ್ತಿರ ಹೋಗುತ್ತೀಯಾ ಎಂದು ಕೇಳಿದರು. ನೆಲ ಒರೆಸುತ್ತೇವೆ ಎಂದರೆ ಅದಕ್ಕೂ ಬಿಡಲಿಲ್ಲ. ಪ್ರೆಸ್ಸು ರಂಗೋಲಿಯ ಮೇಲೇ ಹಾದು ಹೋಗಲಿ, ಅದು ಶುಭ ಎಂದರು.

ಅಪ್ಪ ದಿನವೂ ಸ್ನಾನ ಮಾಡಿ ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟದವನು. ದೇವರ ಹೆಸರು ಎತ್ತಿದ ಮೇಲೆ ಪ್ರೆಸ್ಸಿಗೆ ಕೈಮುಗಿದು ಬರಿಗಾಲಲ್ಲೇ ವಾಪಸ್ಸು ಬಂದ. ನನಗೆ ಸಿಟ್ಟು ಬರುವುದು ಇದಕ್ಕೇ ನೋಡಿ. ಒಬ್ಬ ಮನುಷ್ಯ ದೇವರನ್ನು ನಂಬುತ್ತಾನೆ ಎಂದು ಅವನ ನಂಬಿಕೆಯಿಂದಲೇ ಅವನ ಕಾಲು ಕಟ್ಟಿಹಾಕುವುದು ಎಂಥ ಭಕ್ತಿ? ಸೇಠ್‌ಜೀಯೂ ಬರಿಗಾಲಲ್ಲೇ ಇದ್ದರು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಅವರು ನಿಂತಿದ್ದು ದೂರದ ಗೋಡೆಯ ಹತ್ತಿರ, ಪೇಡೆಯ ಡಬ್ಬಿ ಹಿಡಿದುಕೊಂಡು.

ಕೆಲಸ ಶುರುವಾಯಿತು. ಅಪ್ಪನ ಗೆಳೆಯ, ಭಾಲ್ಕಿ ಕಡೆಯ ಕಾಕಾ, ಕೂಗು ಹಾಕುವವನು. ಅವನು ‘ಹೂಂ’ ಎಂದರೆ ಹಾರೆ ಹಿಡಿದವರೆಲ್ಲ ಒಟ್ಟಿಗೆ ಮೀಟುತ್ತಿದ್ದರು, ‘ಥಾಂಬಾ’ ಎಂದರೆ ನಿಲ್ಲಿಸುತ್ತಿದ್ದರು. ಪ್ರೆಸ್ಸು ನರಳುತ್ತ ಅಲುಗಾಡಿ ಪೈಪುಗಳ ಮೇಲೆ ಹೊರಟಿತು. ಕಬ್ಬಿಣ ನೆಲ ಉಜ್ಜುವ ಸದ್ದಿಗೆ ನನ್ನ ಹಲ್ಲು ಜುಮ್ಮೆಂದವು. ಮೊದಮೊದಲು ನನಗೂ ಕುಣಿಯುವಷ್ಟು ಖುಷಿಯೇ ಆಯಿತು. ನಮ್ಮ ಮನೆಯ ಟ್ರಂಕಿನ ಆಟ ಅಷ್ಟು ದೊಡ್ಡದಾಗಿ ಕಣ್ಣೆದುರು ನಡೆದಿತ್ತು. ಹೆಂಗಸರು, ಮಕ್ಕಳು, ಗುಮಾಸ್ತರು ಎಲ್ಲ ಸಾಲಾಗಿ ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ಪ್ರೆಸ್ಸು ತೆಂಗಿನಕಾಯಿ ಒಡೆದ ಜಾಗಕ್ಕೆ ಬಂತು. ಕಾಯಿಯ ನೀರು, ತುಳಿದ ಹೂವಿನ ಎಸಳು, ರಂಗೋಲಿಯ ಪುಡಿ ಸೇರಿ ಅಲ್ಲಿ ನೆಲ ಲೋಳೆಲೋಳೆಯಾಗಿತ್ತು. ಅಪ್ಪ ಪೈಪು ಇಡಲು ಬಗ್ಗಿದ. ಅವನ ಬರಿಗಾಲು ಜಾರಿ ಉರುಳಿ ಬರುತ್ತಿದ್ದ ಪೈಪಿನ ಕಡೆಗೇ ಹೋಯಿತು. ಕಾಕಾ ‘ಥಾಂಬಾ’ ಎಂದು ಕೂಗಿದ್ದು ಚಪ್ಪಾಳೆಯಲ್ಲಿ ಅರ್ಧ ಮುಳುಗಿತು. ಪಕ್ಕದಲ್ಲಿದ್ದ ಒಬ್ಬ ಕೈಗೆ ಸಿಕ್ಕ ಮರದ ತುಂಡನ್ನು ಪೈಪಿನ ಮುಂದೆ ಒಗೆದದ್ದರಿಂದ ಪ್ರೆಸ್ಸು ತಡೆದು ನಿಂತಿತು. ಅಪ್ಪ ಕಾಲು ಎಳೆದುಕೊಂಡ. ಹೆಬ್ಬೆರಳು ಕೆಂಪಾಗಿದ್ದು ಕಂಡು ನಾನು ಕುಂಕುಮ ಹತ್ತಿದೆ ಎಂದುಕೊಂಡೆ. ಉಗುರು ಕಿತ್ತು ಬಂದಿತ್ತು. ಆ ಮರದ ತುಂಡು ಬೀಳುವುದು ತುಸು ತಡವಾಗಿದ್ದರೆ ಪಾದವೇ ಉಳಿಯುತ್ತಿರಲಿಲ್ಲ.

ದೇವಿ ಕಾಪಾಡಿದಳು ಎಂದು ಸೇಠ್‌ಜೀ ಕೈಮುಗಿದರು. ನಿಂಬೆಹಣ್ಣು ತರಿಸಿ ದೃಷ್ಟಿ ತೆಗೆಸಿದರು. ಯಾರಿಗೆ? ಯಂತ್ರಕ್ಕೆ. ಅಪ್ಪನ ಬೆರಳಿಗೆ ಯಾರೋ ಪೂಜೆಯ ತಟ್ಟೆಯಿಂದಲೇ ಒಂದಿಷ್ಟು ಅರಿಶಿನ ಒತ್ತಿದರು, ಅಷ್ಟೇ. ಮುಹೂರ್ತ ಮೀರುತ್ತದೆ, ಬೇಗ ಬೇಗ ಎಂದು ಸೇಠ್‌ಜೀ ಅವಸರಿಸಿದರು. ಅಪ್ಪ ಕುಂಟುತ್ತ ಮತ್ತೆ ಪೈಪಿಗೆ ಕೈ ಹಾಕಿದ. ಅದೇ ನೆಲ, ಅದೇ ಬರಿಗಾಲು.

ತಿರುಗಿ ನೋಡಿದರೆ ನನ್ನ ಪಕ್ಕದಲ್ಲಿ ಅವ್ವ ಇರಲಿಲ್ಲ. ಅಳಲು ಹೊರಗೆ ಹೋಗಿದ್ದಾಳೆ ಎಂದುಕೊಂಡೆ. ಅವ್ವ ಅಳುವವಳಲ್ಲ ಎಂಬುದು ಆ ಗಡಿಬಿಡಿಯಲ್ಲಿ ಮರೆತಿತ್ತು. ಅವಳು ಒಳಗೆ ಬಂದಾಗ ತಲೆಯ ಮೇಲೆ ಸೆರಗಿತ್ತು, ಎದೆಗೆ ಅವಚಿಕೊಂಡ ಅಪ್ಪನ ಬೂಟುಗಳಿದ್ದವು. ಅಷ್ಟು ಜನರ ನಡುವೆ ನಡೆದು ಬಂದು ಹಾರ ಹಾಕಿದ ಪ್ರೆಸ್ಸಿನ ಮುಂದೆ ನಿಂತಳು. ಅಪ್ಪನ ಮುಖ ಚಿಕ್ಕದಾಯಿತು.

“ಏನ್ ಮಾಡ್ಲಾಕತ್ತಿ? ಹೊರಗ ಒಯ್ಯಿ,” ಎಂದು ಪಿಸುಗುಟ್ಟಿದ.

ಅವ್ವ ಅವನ ಕಡೆ ನೋಡಲಿಲ್ಲ. ಸೇಠ್‌ಜೀಯ ಕಡೆ ತಿರುಗಿ, “ಬೂಟಿಗಿ ಮೈಲಿಗಿ ಅದ, ರಕ್ತಕ್ಕ ಇಲ್ಲೇನ್ರಿ?” ಎಂದಳು. ಬೂಟುಗಳನ್ನು ನೆಲಕ್ಕಿಟ್ಟು, ಪೂಜೆಯ ತಟ್ಟೆಯಲ್ಲಿ ಬೆರಳದ್ದಿ ಎರಡು ಮೂತಿಗೂ ಕುಂಕುಮ ಹಚ್ಚಿದಳು. ಪ್ರೆಸ್ಸಿನ ಹಾರದಿಂದ ಹೂವು ಕಿತ್ತು ಒಂದೊಂದರ ಮೇಲೆ ಇಟ್ಟಳು. “ಇವತ್ತ ಹತ್ಯಾರದ ಪೂಜಿ ಅಲ್ಲೇನ್ರಿ? ಇವೂ ನಮ್ಮ ಮನಿಯವರ ಹತ್ಯಾರಾನೇ,” ಎಂದಳು.

ಅವ್ವನಿಗೆ ಬರುತ್ತಿದ್ದದ್ದು ಕನ್ನಡ ಒಂದೇ. ಸೇಠ್‌ಜೀಗೆ ಅವಳ ಮಾತು ತಿಳಿಯಲಿಲ್ಲ, ಬೂಟಿಗೆ ಹೂವಿಟ್ಟದ್ದು ಮಾತ್ರ ಕಂಡಿತು. ಅವರು ನಕ್ಕರು. ಅವರು ನಕ್ಕದ್ದಕ್ಕೆ ಗುಮಾಸ್ತರೂ ನಕ್ಕರು. ನನ್ನ ಅವ್ವ ಅಷ್ಟು ಜನರ ನಗುವಿನ ಮಧ್ಯೆ ಬೆರಳಿನ ಕುಂಕುಮ ಒರೆಸಿಕೊಳ್ಳುವುದನ್ನೂ ಮರೆತು ನಿಂತಿದ್ದಳು. ಆ ನಗು ನನ್ನ ಕಿವಿಯಲ್ಲಿ ಇನ್ನೂ ಇದೆ.

ಆಗ ಅಕ್ಕ ಮುಂದೆ ಹೋದಳು. ಅವಳು ಓದುತ್ತಿದ್ದದ್ದು ಮರಾಠಿ ಶಾಲೆಯಲ್ಲಿ. ಕೈಕಟ್ಟಿ ನಿಂತು, ಪಾಠ ಒಪ್ಪಿಸುವ ಹಾಗೆ, ಅವ್ವನ ಮಾತನ್ನೆಲ್ಲ ಒಂದೂ ಬಿಡದೆ ಸ್ಪಷ್ಟ ಮರಾಠಿಯಲ್ಲಿ ಹೇಳಿದಳು. ಕೊನೆಗೆ ತನ್ನದೂ ಒಂದು ಮಾತು ಸೇರಿಸಿದಳು. ಬೂಟು ಬೇಡವಾದರೆ ಸೇಠ್‌ಜೀ, ಆ ಪೈಪನ್ನು ನೀವೇ ಬಂದು ಇಡುತ್ತೀರಾ ಎಂದು ಕೇಳಿದಳು. ಸೇಠ್‌ಜೀ ಪೇಡೆಯ ಡಬ್ಬಿಗೆ ಮುಚ್ಚಳ ಹಾಕಿದರು.

ಮೊದಲು ಕಾಕಾ ಹೊರಗೆ ಹೋಗಿ ತನ್ನ ಬೂಟು ತಂದ, ಅವ್ವನ ಮುಂದೆ ಇಟ್ಟ. ಅವ್ವ ಅದಕ್ಕೂ ಕುಂಕುಮ ಹಚ್ಚಿದಳು. ಆಮೇಲೆ ಉಳಿದವರೂ ಒಬ್ಬೊಬ್ಬರಾಗಿ ತಂದರು. ಒಬ್ಬ ಹೆಂಗಸು ಗೋಣಿತಟ್ಟು ತಂದು ನೆಲವನ್ನು ಗಸಗಸ ಒರೆಸಿದಳು. ಎಲ್ಲರಿಗಿಂತ ಕೊನೆಗೆ ಬೂಟು ಹಾಕಿಕೊಂಡವನು ಅಪ್ಪ. ಹೊತ್ತು ಮುಳುಗುವ ಮುಂಚೆ ಪ್ರೆಸ್ಸು ಹೊಸ ಶೆಡ್ಡಿನಲ್ಲಿ ತನ್ನ ಜಾಗದಲ್ಲಿ ಕೂತಿತು, ಯಾರಿಗೂ ಏನೂ ಆಗಲಿಲ್ಲ.

ಮನೆಗೆ ಬಂದ ಮೇಲೆ ಅಪ್ಪ ಗೊಣಗಿದ. “ನಾಕ್ ಮಂದ್ಯಾಗ ಬೂಟ್ ಹೊತ್ಕೊಂಡ್ ಬಂದ್ಯಲ್ಲ,” ಎಂದ.

ಅವ್ವ ಅವನ ಬೆರಳಿಗೆ ಬಟ್ಟೆ ಸುತ್ತುತ್ತಿದ್ದಳು. “ನಿಮ್ಮನ್ನ ಹೊತ್ಕೊಂಡ್ ಬರೋದ್ಕಿಂತ ಬೂಟ್ ಹಗುರ ಅವರಿ,” ಎಂದಳು.

ಮುಂದಿನ ವರ್ಷ ಖಂಡೆ ನವಮಿಗೆ ಮನೆಯಲ್ಲಿ ಕುಡುಗೋಲು, ಈಳಿಗೆಮಣೆ ಪೂಜೆಗಿಟ್ಟಾಗ ಅಪ್ಪನೇ ಬೂಟುಗಳನ್ನು ತಂದು ಪಕ್ಕದಲ್ಲಿಟ್ಟ. ನೀವು ನೋಡಿ ನಗುವ ಬೂಟುಗಳು ಅವೇ.

ಮೊನ್ನೆ ನಿಮ್ಮ ಶಾಲೆಯವರು ನಿಮ್ಮನ್ನು ಸಾತಪುರದ ಕಾರ್ಖಾನೆ ತೋರಿಸಲು ಕರೆದೊಯ್ದಿದ್ದರು. ಅಲ್ಲಿ ನೆಲದ ಮೇಲೆ ಹಳದಿ ಗೆರೆ ಇತ್ತಂತೆ, ಅದನ್ನು ದಾಟಬಾರದಂತೆ. ಕ್ರೇನ್ ಯಂತ್ರ ಎತ್ತುವ ಮುಂಚೆ ಸೀಟಿ ಊದಿದರಂತೆ. ಹೆಲ್ಮೆಟ್ ಹಾಕಿ ಕೂದಲೆಲ್ಲ ಹಾಳಾಯಿತು ಎಂದು ನೀವು ಮುಖ ಸಿಂಡರಿಸಿದಿರಿ. ನನಗೆ ಮಾತ್ರ ಅದನ್ನು ಕೇಳಿ ಹೊಟ್ಟೆ ತಣ್ಣಗಾಯಿತು. ನೋಡಲು ಹೋದ ಮಕ್ಕಳ ತಲೆಯನ್ನೂ ಕಾಯುವ ಕಾಲ ಬಂತಲ್ಲ, ಅಪ್ಪ ಇದ್ದಿದ್ದರೆ ಎಷ್ಟು ಸಂತೋಷಪಡುತ್ತಿದ್ದ ಎಂದುಕೊಂಡೆ.

ಆ ಸಂತೋಷ ನಿನ್ನೆಯವರೆಗೆ ಬಾಳಿತು. ನಮ್ಮ ಗೇಟಿನೆದುರು ಕಟ್ಟುತ್ತಿರುವ ಕಟ್ಟಡದಲ್ಲಿ ದೊಡ್ಡ ಜನರೇಟರ್ ಒಂದನ್ನು ಪೈಪುಗಳ ಮೇಲೆ ಸರಿಸುತ್ತಿದ್ದರು. ಅದೇ ಗಡಗಡ ಸದ್ದು. ತಡೆಯಲಾಗದೆ ಕೆಳಗಿಳಿದು ಹೋದೆ. ಕಲಬುರಗಿ ಕಡೆಯ ಹುಡುಗರು, ನಮ್ಮದೇ ಮಾತು, ಕಾಲಲ್ಲಿ ಸವೆದ ಹವಾಯಿ ಚಪ್ಪಲಿ. ಬೂಟು ಕೊಟ್ಟಿಲ್ಲವೇ ಎಂದು ಕೇಳಿದೆ. “ಕೊಟ್ಟಾರ್ರಿ ಆಯಿ. ದೊಡ್ಡ ಸಾಹೇಬ್ರು ಬಂದಾಗ ಫೋಟೋಕ್ಕ ಹಾಕೋತೀವ್ರಿ. ಉಳಿದ ಟೈಮ್ ಆಫೀಸ್ನಾಗ ಕೀಲಿ ಹಾಕಿಡ್ತಾರ,” ಎಂದ ಒಬ್ಬ. ಅಲ್ಲಿದ್ದ ಎಂಜಿನಿಯರ್‌ಗೆ ಹೇಳಿದೆ. ಅಜ್ಜಿ, ಬಿಸಿಲಿದೆ, ಮನೆಗೆ ಹೋಗಿ ಎಂದು ಅವನು ನಕ್ಕ. ಅವನ ಬೆನ್ನ ಹಿಂದೆ ಸುರಕ್ಷತೆಯೇ ಮೊದಲು ಎಂದು ಬರೆದ ಬೋರ್ಡಿತ್ತು. ಹಬ್ಬಕ್ಕೆಂದು ಅದಕ್ಕೆ ಆಗಲೇ ಚೆಂಡುಹೂವಿನ ಹಾರ ಹಾಕಿದ್ದರು.

ನಾಳೆ ಖಂಡೆ ನವಮಿ. ಕುಂಕುಮದ ತಟ್ಟೆ ಹಿಡಿದು ನಾನು ಅಲ್ಲಿಗೆ ಹೋಗುತ್ತೇನೆ. ಬೂಟುಗಳಿಗೆ ಪೂಜೆ ಮಾಡಬೇಕು, ಕೀಲಿ ತೆಗೆಯಿರಿ ಎನ್ನುತ್ತೇನೆ. ಹಬ್ಬದ ದಿನ ಪೂಜೆಗೆ ಬೇಡ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ. ಹೊರಗೆ ಬಂದ ಬೂಟು ಮತ್ತೆ ಕೀಲಿಯೊಳಗೆ ಹೋಗಬಾರದು, ಆ ಹುಡುಗರ ಕಾಲಲ್ಲೇ ಇರಬೇಕು ಎಂದು ಹೇಳುವ ಕೆಲಸ ನಿಮ್ಮದು. ಬೆಳಿಗ್ಗೆ ಬೇಗ ಎದ್ದು ಸ್ನಾನ ಮಾಡಿ ನನ್ನ ಜೊತೆ ಬನ್ನಿ. ಅಂದು ಅವ್ವ ಹೇಳಿದಾಗ ಎಲ್ಲರೂ ನಕ್ಕಿದ್ದರು, ನಿನ್ನೆ ನಾನು ಹೇಳಿದಾಗಲೂ ನಕ್ಕರು. ಆಗ ನಿಮ್ಮಷ್ಟೇ ಇದ್ದ ಅಕ್ಕ ಹೇಳಿದಾಗ ಮಾತ್ರ ಯಾರೂ ನಗಲಿಲ್ಲ.