ಶೇಖರಣ್ಣನ ಪಾಲಿನ ಪೆನ್‌ಡ್ರೈವ್

ಶೇಖರಣ್ಣ, ನಿಮ್ಮ ಪೆನ್‌ಡ್ರೈವ್‌ಗೆ ನಿಮ್ಮ ಅಣ್ಣ ಪಾಸ್‌ವರ್ಡ್ ಹಾಕಿಸಿರಲಿಲ್ಲ. ಅದಕ್ಕೆ ಪಾಸ್‌ವರ್ಡೇ ಇರಲಿಲ್ಲ. ಆ ಮಾತು ಹುಟ್ಟಿಸಿದವಳು ನಾನು — ಆರು ವರ್ಷದಿಂದ ನೀವಿಬ್ಬರೂ ಮಾತು ಬಿಟ್ಟಿರುವುದು ನನ್ನಿಂದ.

ಎಲ್ಲಿಂದ ಶುರು ಮಾಡಲಿ? ಈಗಲೂ ತಲೆಯಲ್ಲಿ ಎಲ್ಲ ಕಲಸುಮೇಲೋಗರ. ನಿಮ್ಮ ಅಪ್ಪ ಗ್ರಾಫ್ ಹಾಳೆಯಲ್ಲಿ ಬರೆದಿಟ್ಟಿದ್ದ ರೇಷ್ಮೆ ಪಂಚೆಯ ಅಂಚುಗಳನ್ನೆಲ್ಲ ಸೇಲಂನ ನನ್ನ ಡಿಸೈನ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಟ್ಟಿದ್ದೆ. ಹಾಳೆಗಳು ಗೆದ್ದಲಿಗೆ ಹೋದವು. ಅಪ್ಪ ತೀರಿಕೊಂಡು ಮಗ್ಗಗಳು ಪಾಲಾದಾಗ ಅಂಚುಗಳೂ ಪಾಲಾಗಬೇಕೆಂದು ಇಬ್ಬರೂ ಬಂದಿರಿ. ಎಲ್ಲದರ ನಕಲನ್ನೂ ಇಬ್ಬರಿಗೂ ಕೊಡುತ್ತೇನೆ ಎಂದರೆ ಒಪ್ಪಲಿಲ್ಲ — ಒಬ್ಬ ನೇಯುವ ಅಂಚನ್ನು ಇನ್ನೊಬ್ಬ ನೇಯಬಾರದು, ಪಾಲು ಎಂದರೆ ಪಾಲು. ಯಾವ ಅಂಚು ಯಾರಿಗೆ ಎಂಬ ಜಗ್ಗಾಟದಲ್ಲೇ ಮಧ್ಯಾಹ್ನ ಕಳೆಯಿತು. ನನಗೆ ತಲೆ ಕೆಟ್ಟುಹೋಯಿತು.

ಎರಡು ಫೋಲ್ಡರ್ ಮಾಡಿ ಬೇರೆಬೇರೆ ಜಿಪ್ ಮಾಡಿದ್ದರೆ ಮುಗಿಯುತ್ತಿತ್ತು. ಜಿಪ್ ಒಂದೊಂದು ಚಿತ್ರವನ್ನೂ ಅದರ ಪಾಡಿಗೆ ಮಡಿಸಿಡುತ್ತದೆ. ಆದರೆ ನನಗೆ ರಾರ್ ಎಂಬ ಇನ್ನೊಂದು ಸಾಫ್ಟ್‌ವೇರ್ ಹೊಸದಾಗಿ ಕಲಿತ ಜಂಬ — ಅದು ಇನ್ನೂ ಚಿಕ್ಕದು ಮಾಡುತ್ತದೆ, ಬೇಕಾದ ಗಾತ್ರಕ್ಕೆ ಕತ್ತರಿಸಿಯೂ ಕೊಡುತ್ತದೆ. ಎಲ್ಲ ಅಂಚುಗಳನ್ನೂ ಒಂದೇ ಗಂಟಾಗಿ ಒತ್ತಿ, ಆ ಗಂಟನ್ನು ಎರಡು ಸಮ ತುಂಡು ಮಾಡಿದೆ. ಮೊದಲನೆಯದು ಅಣ್ಣನ ಪೆನ್‌ಡ್ರೈವ್‌ಗೆ, ಎರಡನೆಯದು ನಿಮ್ಮದಕ್ಕೆ. ನೀವು ಹೇಳಿದಂತೆ ಕಂಪ್ಯೂಟರಿನಲ್ಲಿದ್ದುದನ್ನು ನಿಮ್ಮೆದುರೇ ಅಳಿಸಿದೆ. ಹಾಗೆ ಒತ್ತಿದ ಗಂಟಿನಲ್ಲಿ ಮೊದಲ ತುಂಡಿಲ್ಲದೆ ಎರಡನೆಯದು ಬಿಚ್ಚುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲವೋ, ಓದಿಯೂ ಲಕ್ಷ್ಯ ಕೊಡಲಿಲ್ಲವೋ...

ವಾರದೊಳಗೆ ನೀವು ಬಂದಿರಿ. “ಏನಮ್ಮಾ, ಕೊಂಜಂ ನೋಡು. ಅಣ್ಣಂದು ಓಪನ್ ಆಯ್ತೈತೆ, ನಂದು ಆಗಾಕಿಲ್ಲ.”

ಹಿಂದಿನ ಭಾಗ ಕೊಡು ಎಂದು ಪರದೆ ಕೇಳುತ್ತಿತ್ತು. ನನಗೆ ತಲೆಬುಡ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. “ನಿಮ್ಮಣ್ಣ ಯಾರ ಕೈಲೋ ಪಾಸ್‌ವರ್ಡ್ ಆಕ್ಸಿರ್ಬೇಕು” ಅಂದುಬಿಟ್ಟೆ. ಪಾಸ್‌ವರ್ಡ್ ಇದ್ದಿದ್ದರೆ ಪರದೆ ಅದನ್ನೇ ಕೇಳಬೇಕಿತ್ತು, ಅಷ್ಟು ಆಗಲೂ ಬಲ್ಲೆ. ಹಾಗಾದರೆ ಅದು ಗಾಬರಿಯೋ, ಸುಳ್ಳೋ? ಎಷ್ಟು ಯೋಚಿಸಿದರೂ ಸುಳ್ಳು ಎಂದೇ ಕಾಣುತ್ತದೆ.

ಅದೇ ಸಂಜೆ ನೀವು ಅಣ್ಣನ ಕೊರಳಪಟ್ಟಿ ಹಿಡಿದಿರಂತೆ. ಒಂದೇ ಮನೆಯಲ್ಲಿದ್ದವರು ಬೇರೆಯಾದಿರಿ. ನೇಯಲು ಅಂಚಿಲ್ಲದೆ ನೀವು ಮಗ್ಗ ಬಿಚ್ಚಿಟ್ಟು, ಮಿಲ್ಲಿನ ಕೆಲಸಕ್ಕೆಂದು ಮೆಟ್ಟೂರಿನ ಬಸ್ಸು ಹತ್ತಿದಿರಿ.

ತಿಂಗಳ ಮೇಲೆ ಯಾರದೋ ಮದುವೆ ಫೋಟೋಗಳು ಅದೇ ರೀತಿ ಎರಡು ತುಂಡಾಗಿ ಅಂಗಡಿಗೆ ಬಂದವು. ಎರಡನ್ನೂ ಒಂದೇ ಫೋಲ್ಡರಿಗೆ ಹಾಕಿದೆ, ಬಿಚ್ಚಿಕೊಂಡವು. ನಿಮ್ಮಿಬ್ಬರ ತುಂಡುಗಳನ್ನೂ ಹೀಗೇ ಸೇರಿಸಬೇಕಿತ್ತು ಎಂದು ಆಗ ಹೊಳೆಯಿತು. ಆಗಲಾದರೂ ಓಡಿಬಂದು ಹೇಳಬೇಕಿತ್ತು. ಅಂಗಡಿಯ ಹೆಸರು ಕೆಡುತ್ತದೆಂದು ಬಾಯಿ ಮುಚ್ಚಿಕೊಂಡೆ.

ಇದಕ್ಕಿಂತ ಕೆಟ್ಟದ್ದೊಂದಿದೆ, ಹೇಗೆ ಹೇಳಲಿ — ಅದಾದ ಮೇಲೆ ಒಂದು ದಿನ ನಿಮ್ಮ ಅಣ್ಣ ಬಂದಿದ್ದರು, ತಮ್ಮ ಪೆನ್‌ಡ್ರೈವನ್ನು ಕೈಯಲ್ಲಿ ಹಿಡಿದುಕೊಂಡು. “ತಮ್ಮಂದು ಓಪನ್ ಆಗ್ನಿಲ್ವಂತೆ. ನಂದೂ ಅವ್ನಿಗೇ ಕೊಟ್ಬುಡ್ತೀನಿ. ಇದ್ರಿಂದ ಏನಾನಾ ಆಯ್ತದಾ ಪಾರಮ್ಮಾ.”

ಎಲ್ಲ ತಿಳಿದಿದ್ದೂ, “ಏನೂ ಆಗಲ್ಲಣ್ಣಾ” ಎಂದೆ.

ನಾಳೆ ಅವರ ಮನೆಗೆ ಹೋಗಿ ಇದನ್ನೇ ಹೇಳುತ್ತೇನೆ. ನಿಮ್ಮ ಪಾಲಿನದು ಇನ್ನೂ ಇದೆಯೋ, ಸಿಟ್ಟಿನಲ್ಲಿ ಎಸೆದಿರೋ ನನಗೆ ಗೊತ್ತಿಲ್ಲ. ಎಸೆದಿದ್ದರೆ ಆ ಅಂಚುಗಳು ಹೋದಂತೆಯೇ, ನನ್ನಿಂದ ಹೋದಂತೆ. ನೀವು ನನ್ನನ್ನು ಕ್ಷಮಿಸುವುದು ಬೇಡ. ಇಷ್ಟು ಮಾತ್ರ ತಿಳಿದಿರಲಿ — ನಿಮ್ಮ ಅಣ್ಣ ಕೊಡಲೆಂದೇ ಬಂದಿದ್ದರು. ವಾಪಸ್ ಕಳಿಸಿದವಳು ನಾನು.