ಮೂರನೆಯ ಕೂಗು

ದೆವ್ವ, ಗಾಳಿ ಎಂದರೆ ಬಿದ್ದು ಬಿದ್ದು ನಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಆ ಮಧ್ಯಾಹ್ನ ಆದದ್ದನ್ನು ಆದ ಹಾಗೇ ಹೇಳಿಬಿಡುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಪಿಯುಸಿ ಪರೀಕ್ಷೆ ಮುಗಿದ ಮಾರನೆಯ ದಿನ ನಾನು, ಲತಾ, ಶೋಭಾ ಮನೆಯಲ್ಲಿ ಹೇಳದೆ ಟಿ. ನರಸೀಪುರದಿಂದ ತಲಕಾಡಿನ ಬಸ್ಸು ಹತ್ತಿದೆವು. ಅಬ್ಬಾ, ಆ ಖುಷಿ! ದಾರಿಯಲ್ಲೇ ಪಂದ್ಯ ಕಟ್ಟಿದೆವು. ಯಾರಿಗೆ ಯಾವುದರ ಭಯವೋ ಅದನ್ನು ಇವತ್ತು ಎದುರಿಸಲೇಬೇಕು. ಲತಾಗೆ ನಾಯಿ ಕಂಡರೆ ಭಯ. ನನಗೆ ಯಾವುದರ ಭಯವೂ ಇಲ್ಲವೆಂಬ ಜಂಬ.

ಶೋಭಾಗೆ ಹೊಳೆಯ ಭಯ. ಸೋಸಲೆಯಲ್ಲಿ ಹೊಳೆ ಪಕ್ಕವೇ ಬೆಳೆದರೂ ಈಜು ಬಾರದು. ಜೊತೆಗೆ ಅವಳಜ್ಜಿ ತಲೆಗೆ ತುಂಬಿದ್ದ ಮಾತು ಬೇರೆ: “ಮಟಮಟ ಮದ್ಯಾನ ಒಳೆ ತಾವ ಯಾರಾರ ಎಸ್ರಿಡ್ದು ಕರುದ್ರೆ ತಿರುಗ್ಬ್ಯಾಡ ಕಣವ್ವ. ಗಾಳಿ ಕರ್ಯಾದು ಎರಡೇ ಸಲ. ಮೂರ್ನೇ ಸಲ ಕರುದ್ರೆ ಮನ್ಸ್ರು, ಆಗ ಓ ಅನ್ನು.”

ತಲಕಾಡಿನಲ್ಲಿ ಇಳಿದು ಹೊಳೆಯ ಹತ್ತಿರ ಬಂದಾಗ ಮಟಮಟ ಮಧ್ಯಾಹ್ನ. ಪಂದ್ಯದಂತೆ ಹತ್ತು ನಿಮಿಷ ದಡದಲ್ಲಿ ಒಬ್ಬಳೇ ನಿಲ್ಲುತ್ತೇನೆಂದು ಶೋಭಾ ಹೋದಳು. ನೀರಿನ ಮೇಲೆ ಚಾಚಿಕೊಂಡಿದ್ದ ಮರಳಿನ ದಂಡೆಯ ಅಂಚಿನಲ್ಲಿ ನಮಗೆ ಬೆನ್ನು ಮಾಡಿ ನಿಂತಳು.

ನಾವಿಬ್ಬರೂ ನೀಲಗಿರಿ ಮರದ ಹಿಂದೆ ಅವಿತೆವು. “ಎರಡೇ ಸಲ ಕೂಗಿ ಸುಮ್ನಾಗು ಕಣೇ, ಮಜಾ ನೋಡು,” ಎಂದು ಲತಾ ಮೊಬೈಲಿನಲ್ಲಿ ವಿಡಿಯೋ ಶುರು ಮಾಡಿದಳು.

“ಶೋಭಾ...” ಎಂದೆ. ಅವಳು ಸೆಟೆದು ನಿಂತಳು. ಮತ್ತೊಮ್ಮೆ ಕೂಗಿದೆ. ದುಪಟ್ಟಾ ಮುಷ್ಟಿಯಲ್ಲಿ ಹಿಡಿದಳು, ತಿರುಗಲಿಲ್ಲ. ನಮಗೋ ನಗು ತಡೆಯಲಾಗದು!

ಆಗ ಕಂಡಿತು. ಅವಳ ಹಿಮ್ಮಡಿಯ ಹಿಂದೆ ಮರಳು ಉದ್ದಕ್ಕೆ ಬಿರುಕು ಬಿಡುತ್ತಿತ್ತು. ಕೆಳಗೆ ಸುಳಿಯಿರುವ ಆಳದ ಮಡು. ಇನ್ನೊಂದು ಸಲ ಕೂಗಿದರೆ ಸಾಕು, ತಿರುಗುತ್ತಾಳೆ. ಕೂಗದಿದ್ದರೆ ಜಪ್ಪಯ್ಯ ಎಂದರೂ ತಿರುಗುವವಳಲ್ಲ. ಬಾಯಿ ತೆರೆದೆ. ದೇವರಾಣೆಗೂ ಸ್ವರವೇ ಹೊರಡಲಿಲ್ಲ! ಕಾಲೂ ಕಿತ್ತಿಡಲಾಗಲಿಲ್ಲ. ಲತಾಗೆ ಇದಾವುದೂ ಗೊತ್ತಿಲ್ಲ, ಬಾಯಿಗೆ ಕೈ ಅಡ್ಡವಿಟ್ಟು ನಗುತ್ತಲೇ ಇದ್ದಳು.

“ಓ! ಬಂದೆ ಕಣೇ!”

ಶೋಭಾ ತಿರುಗಿ ನಮ್ಮತ್ತ ಓಡಿ ಬಂದಳು. ನಾಲ್ಕು ಹೆಜ್ಜೆ ಇಟ್ಟಿರಬಹುದು, ಹಿಂದೆ ಅಷ್ಟೂ ದಂಡೆ ಧೊಪ್ಪೆಂದು ನೀರಿಗೆ ಕುಸಿಯಿತು. ಮೂವರೂ ತಬ್ಬಿಕೊಂಡು ಗೊಳೋ ಎಂದು ಅತ್ತೆವು.

“ಮೂರ್ನೇ ಸಲ ಅದೇನ್ ಅಂಗೆ ಕಿರುಚ್ದೆ? ನನ್ ಎದೆನೇ ಒಡ್ದೋಯ್ತು,” ಎಂದು ಬೈದಳು ಶೋಭಾ.

ನಾನು ಕಿರುಚಿರಲಿಲ್ಲ. ಲತಾಳೂ ಇಲ್ಲ. ಆ ವಿಡಿಯೋವನ್ನು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ನನ್ನ ಎರಡು ಕೂಗುಗಳಿವೆ. ಆಮೇಲೆ ಬರೀ ಗಾಳಿಯ ಸದ್ದು, ಲತಾಳ ಕಿಸಕಿಸ ನಗು. ನಂತರ ನೇರವಾಗಿ ಶೋಭಾಳ “ಓ”. ಮೈಕಿಗೆ ಸಿಕ್ಕಿಲ್ಲ ಅಷ್ಟೇ ಎನ್ನುತ್ತಾಳೆ ಶೋಭಾ. ನನ್ನದೇ ದನಿ, ಪಕ್ಕದಲ್ಲೇ ನಿಂತು ಕೂಗಿದ ಹಾಗಿತ್ತಂತೆ.

ಈಗ ಅವಳಿಗೆ ಮಗಳಿದ್ದಾಳೆ. ಮೊನ್ನೆ ಅವರ ಮನೆಗೆ ಹೋದಾಗ ಆ ಮಗುವನ್ನು ನನ್ನ ಕಾಲಿಗೆ ಬೀಳಿಸಿ, “ಈ ಚಿಕ್ಕಮ್ಮ ಅವತ್ತು ಕರೀದೆ ಇದ್ದಿದ್ರೆ ನಾನೂ ಇರ್ತಿರ್ಲಿಲ್ಲ, ನೀನೂ ಇರ್ತಿರ್ಲಿಲ್ಲ,” ಎಂದಳು. ನಾನಲ್ಲ ಕಣೇ ಎಂದರೆ ಕೇಳುವುದಿಲ್ಲ. ಮಗುವನ್ನು ಎತ್ತಿಕೊಂಡೆ. ಆ ನಮಸ್ಕಾರ ಯಾರಿಗೆ ಸೇರಬೇಕೋ ನನಗಿನ್ನೂ ಗೊತ್ತಿಲ್ಲ.